ಬಿಸಿ, ಹಸಿ, ಬರಿ: ಹೊಲದ ಮಣ್ಣು ಇಂಗಾಲ ಕಳೆದುಕೊಳ್ಳುವ ದಿನಗಳು

ಹವಾಮಾನ ಬದಲಾವಣೆಗೂ ಮಣ್ಣಿನ ಸಾವಯವ ಇಂಗಾಲಕ್ಕೂ ಇರುವ ನಂಟಿನ ಬಗ್ಗೆ ಯಾರೇ ಮಾತೆತ್ತಲಿ, ಮೊದಲ ವಾಕ್ಯ ಹೆಚ್ಚುಕಡಿಮೆ ಒಂದೇ: ಭೂಮಿ ಬಿಸಿಯಾದಂತೆ ಸೂಕ್ಷ್ಮಜೀವಿಗಳು ಚುರುಕಾಗುತ್ತವೆ, ಮಣ್ಣಿನ ಇಂಗಾಲ ಬೇಗ ಕರಗಿ ಗಾಳಿ ಸೇರುತ್ತದೆ. ಸುಳ್ಳಲ್ಲ. ಆದರೆ ಉತ್ತು ಬಿತ್ತುವ ಹೊಲದ ಮಟ್ಟಿಗೆ ಅದು ಅರ್ಧ ಮಾತು, ಅದೂ ಚಿಕ್ಕ ಅರ್ಧ. ಎರಡು ಡಿಗ್ರಿ ಏರಿದ ಉಷ್ಣಾಂಶ ವರ್ಷವಿಡೀ ಮಾಡುವ ಹಾನಿಯನ್ನು, ನೆಲ ಬಿಸಿಯಾಗಿ, ಹಸಿಯಾಗಿ, ಮೇಲೆ ಏನೂ ಇಲ್ಲದೆ ಬರಿದಾಗಿ ಬಿದ್ದಿರುವ ಒಂದೇ ತಿಂಗಳು ಮಾಡಿಬಿಡಬಲ್ಲದು. ಹವಾಮಾನ ಕೆಟ್ಟಾಗ ಹೆಚ್ಚುವುದು ಇಂಥ ತಿಂಗಳುಗಳೇ. ಅದನ್ನು ಅಂಕಿಗಳಲ್ಲಿ ತೋರಿಸಿ, ಆಮೇಲೆ ಏನು ಮಾಡಬಹುದು, ಮಾಡಿದ್ದು ಫಲಿಸಿತೋ ಇಲ್ಲವೋ ಎಂದು ಅಳೆಯುವುದು ಹೇಗೆ ಎಂಬುದಕ್ಕೆ ಬರುತ್ತೇನೆ.

ಮೊದಲು ಮಣ್ಣಿನಲ್ಲಿ ಇರುವುದೆಷ್ಟು ನೋಡೋಣ. ಜಗತ್ತಿನ ಮಣ್ಣಿನ ಮೇಲಿನ 1 ಮೀಟರ್‌ನಲ್ಲಿ ಸುಮಾರು 1,500 ಶತಕೋಟಿ ಟನ್ ಸಾವಯವ ಇಂಗಾಲವಿದೆ. ಗಾಳಿಯಲ್ಲಿ ಇರುವುದಕ್ಕಿಂತ ಇದು ಬಹಳ ಹೆಚ್ಚು. ಒಂದು ಹೆಕ್ಟೇರ್ ಹೊಲಕ್ಕೆ ಇಳಿಸಿದರೆ ಲೆಕ್ಕ ಸುಲಭ: ಶೇಕಡಾವಾರು ಇಂಗಾಲ × ಮಣ್ಣಿನ ಸಾಂದ್ರತೆ × ಸೆಂಟಿಮೀಟರ್‌ನಲ್ಲಿ ಆಳ. ಶೇ 0.6 ಇಂಗಾಲ, ಘನ ಸೆಂಟಿಮೀಟರಿಗೆ 1.35 ಗ್ರಾಂ ಸಾಂದ್ರತೆ, 30 ಸೆಂ.ಮೀ. ಆಳ ಎಂದರೆ 24.3 ಟನ್. ಈ ಸೂತ್ರವನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಇದೇ ನಮಗೆ ಮೋಸ ಮಾಡಲಿದೆ.

ಈ 24 ಟನ್ನೂ ಒಂದೇ ಜಾತಿಯದಲ್ಲ. ಒಂದು ಭಾಗ ಇನ್ನೂ ಬೇರು, ಎಲೆ, ಹುಲ್ಲು ಎಂದು ಗುರುತು ಸಿಗುವ ಚೂರುಗಳು. ಅವುಗಳ ಆಯುಷ್ಯ ತಿಂಗಳುಗಳದ್ದು, ಹೆಚ್ಚೆಂದರೆ ಕೆಲವು ವರ್ಷಗಳದ್ದು. ಇನ್ನೊಂದು ಭಾಗ ಜೇಡಿ ಕಣಗಳಿಗೆ ಅಂಟಿಕೊಂಡದ್ದು. ಬಹುಪಾಲು ಸೂಕ್ಷ್ಮಜೀವಿಗಳು ತಿಂದು, ಸತ್ತು, ಬಿಟ್ಟುಹೋದ ಅವಶೇಷ. ಅದು ದಶಕಗಟ್ಟಲೆ, ಕೆಲವೆಡೆ ಶತಮಾನಗಟ್ಟಲೆ ಉಳಿಯುತ್ತದೆ. ಅಂಟಿಕೊಳ್ಳಲು ಜಾಗ ಬೇಕಲ್ಲ, ಅದು ಜೇಡಿ ಮತ್ತು ನುಣ್ಣನೆ ರೇವೆಯಲ್ಲಿ ಮಾತ್ರ ಇದೆ. ಮರಳು ಮಣ್ಣಿಗೆ ಎಷ್ಟು ಸುರಿದರೂ ಚೂರಾಗಿಯೇ ಉಳಿದು ಬೇಗ ಕರಗುವುದು ಇದಕ್ಕೇ. ಹ್ಯಾಸಿಂಕ್ ಎಂಬ ವಿಜ್ಞಾನಿ 1997ರಲ್ಲಿ ಕೊಟ್ಟ ಸೂತ್ರ ಇಂದಿಗೂ ಅಂದಾಜಿಗೆ ಉಪಯುಕ್ತ: 20 ಮೈಕ್ರಾನ್‌ಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ಸಣ್ಣ ಕಣಗಳು ಶೇಕಡಾ ಎಷ್ಟಿವೆಯೋ ಅದನ್ನು 0.37ರಿಂದ ಗುಣಿಸಿ 4.09 ಕೂಡಿಸಿದರೆ, ಆ ಮಣ್ಣಿನ ನುಣ್ಣನೆ ಕಣಗಳು ಹಿಡಿದುಕೊಳ್ಳಬಲ್ಲ ಇಂಗಾಲ ಸಿಗುತ್ತದೆ, ಕಿಲೋ ಮಣ್ಣಿಗೆ ಇಷ್ಟು ಗ್ರಾಂ ಎಂದು. ನುಣ್ಣನೆ ಕಣ ಶೇ 30 ಇದ್ದರೆ ಸುಮಾರು 15 ಗ್ರಾಂ, ಅಂದರೆ ಶೇ 1.5. ನಿಮ್ಮ ಮಣ್ಣು ಶೇ 0.6ರಲ್ಲಿ ನಿಂತಿದ್ದರೆ ಜಾಗದ ಕೊರತೆಯಿಲ್ಲ, ಸರಕಿನ ಕೊರತೆ.

ಒಂದು ತಿಂಗಳ ಲೆಕ್ಕ

ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ನಡೆದುಬಂದಿರುವ ಹೊಲಪ್ರಯೋಗಗಳಿವೆ. ಅಲ್ಲಿನ ಅಂಕಿಗಳ ಮೇಲೆ ಕಟ್ಟಿದ ‘ರಾಥ್‌ಸಿ’ ಎಂಬ ಲೆಕ್ಕದ ಮಾದರಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರ ಚೆಂದವೆಂದರೆ ಕಾಗದ ಪೆನ್ಸಿಲ್ ಇದ್ದರೆ ಸಾಕು, ಯಾರು ಬೇಕಾದರೂ ಬಿಡಿಸಬಹುದು. ಹ್ಯೂಮಸ್, ಅಂದರೆ ಕೊಳೆತು ಗುರುತು ಸಿಗದಂತಾಗಿ ಮಣ್ಣಿನಲ್ಲಿ ನಿಂತ ಸಾವಯವ ಪದಾರ್ಥ, ವರ್ಷಕ್ಕೆ 0.02ರ ದರದಲ್ಲಿ, ನೂರಕ್ಕೆ ಎರಡರಂತೆ ಒಡೆಯುತ್ತದೆ. ಆ ದರವನ್ನು ಉಷ್ಣಾಂಶದ ಒಂದು ಅಂಕ, ತೇವದ ಒಂದು ಅಂಕ, ಹೊದಿಕೆಯ ಒಂದು ಅಂಕ, ಈ ಮೂರರಿಂದ ತಿಂಗಳು ತಿಂಗಳೂ ಗುಣಿಸುತ್ತಾರೆ.

ಉಷ್ಣಾಂಶದ ಅಂಕ 9 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ 1. 26 ಡಿಗ್ರಿಯಲ್ಲಿ 4.0, 28 ಡಿಗ್ರಿಯಲ್ಲಿ 4.4. ತೇವದ ಅಂಕ ಮಣ್ಣು ಹದವಾಗಿದ್ದಾಗ 1, ಬೆಳೆ ನೀರನ್ನು ಪೂರ್ತಿ ಹೀರಿ ಒಣಗಿಸಿದಾಗ 0.2. ಹೊದಿಕೆಯ ಅಂಕ ನೆಲದ ಮೇಲೆ ಬೆಳೆ ನಿಂತಿದ್ದರೆ 0.6, ಬರಿ ನೆಲಕ್ಕೆ 1.

ಈಗ ಒಂದು ಹೆಕ್ಟೇರಿನಲ್ಲಿ 20 ಟನ್ ಹ್ಯೂಮಸ್ ಇಂಗಾಲ ಇದೆ ಎಂದಿಟ್ಟುಕೊಳ್ಳಿ. ಉಷ್ಣಾಂಶ 26 ಡಿಗ್ರಿ, ನೆಲ ಹದ, ಮೇಲೆ ಬೆಳೆ: 4.0 × 1 × 0.6 = 2.4. 20 ಟನ್ನಿಗೆ 0.02ರಂತೆ ವರ್ಷಕ್ಕೆ 400 ಕಿಲೋ, ತಿಂಗಳಿಗೆ 33; ಅದನ್ನು 2.4ರಿಂದ ಗುಣಿಸಿದರೆ ಆ ತಿಂಗಳು ಒಡೆಯುವ ಹ್ಯೂಮಸ್ ಸುಮಾರು 80 ಕಿಲೋ. ಉಷ್ಣಾಂಶ 28ಕ್ಕೆ ಏರಿತು: 88 ಕಿಲೋ. ತಿಂಗಳಿಗೆ 8 ಕಿಲೋ ಹೆಚ್ಚಾಯಿತು. ಹನ್ನೆರಡು ತಿಂಗಳೂ ಹದವಿದ್ದು ಬೆಳೆಯಿದ್ದರೂ ವರ್ಷಕ್ಕೆ 96 ಕಿಲೋ. ಒಣ ತಿಂಗಳುಗಳನ್ನು ಕಳೆದರೆ ಇನ್ನೂ ಕಡಿಮೆ.

ಕೊಯ್ಲು ಮುಗಿದು ನೆಲ ಒಣಗಿ ಬರಿದಾಗಿದೆ. 26 ಡಿಗ್ರಿ. 4.0 × 0.2 × 1 = 0.8, ಅಂದರೆ 27 ಕಿಲೋ. ಹಿಂದೆಲ್ಲ ಆ ತಿಂಗಳು ಹೀಗೇ ಒಣಗಿ ಕಳೆಯುತ್ತಿತ್ತು. ಈಗ ಅಕಾಲ ಮಳೆ ಬಿತ್ತು. ನೆಲ ಹದವಾಯಿತು, ಮೇಲೆ ಏನೂ ಇಲ್ಲ: 4.0 × 1 × 1 = 4.0. ಒಡೆಯುವುದು 133 ಕಿಲೋ. ಒಂದೇ ತಿಂಗಳಲ್ಲಿ 106 ಕಿಲೋ ಹೆಚ್ಚು! ಎರಡು ಡಿಗ್ರಿ ಬಿಸಿ ವರ್ಷವಿಡೀ ಹೆಣಗಿ ಮಾಡುವುದನ್ನು ಒಂದು ಅಕಾಲದ ಹಸಿ ತಿಂಗಳು ಮುಗಿಸಿತು. (ಒಡೆದದ್ದೆಲ್ಲ ಗಾಳಿಗೇ ಹೋಗುವುದಿಲ್ಲ. ಜೇಡಿ ಎಷ್ಟಿದೆ ಎಂಬುದರ ಮೇಲೆ ಒಂದು ಪಾಲು ಮತ್ತೆ ಜೀವಿಗಳ ದೇಹಕ್ಕೂ ಹ್ಯೂಮಸ್ಸಿಗೂ ಮರಳುತ್ತದೆ. ಆದರೆ ಅನುಪಾತ ಬದಲಾಗದು.)

ಇದರಲ್ಲಿ ಇನ್ನೊಂದು ಒಳಸುಳಿಯಿದೆ. ಬರಿ ನೆಲ ತಾನಾಗಿ ಆಳದವರೆಗೆ ಒಣಗುವುದಿಲ್ಲ. ಮೇಲಿನ ಎರಡು ಬೆರಳು ಬಿಸಿಲಿಗೆ ಒಣಗಿ ಪುಡಿಯಾಗುತ್ತದೆ, ಆ ಪುಡಿಯೇ ಕೆಳಗಿನ ತೇವಕ್ಕೆ ಮುಚ್ಚಳವಾಗುತ್ತದೆ. ನೀರನ್ನು ಎಳೆದು ಖಾಲಿ ಮಾಡುವುದು ಬೇರು, ಬೇರೇ ಇಲ್ಲ. ಹಾಗಾಗಿ ಅಕಾಲ ಮಳೆಯ ತೇವ ಬರಿ ನೆಲದಲ್ಲಿ ವಾರಗಟ್ಟಲೆ ಉಳಿದು ಸೂಕ್ಷ್ಮಜೀವಿಗಳಿಗೆ ಹಬ್ಬ ಮಾಡಿಸುತ್ತದೆ. ತೇವ ಉಳಿಸಿಕೊಂಡೆವು ಎಂದು ನಾವು ಖುಷಿಪಡುವ ಹೊತ್ತಿನಲ್ಲೇ ಇಂಗಾಲ ಸೋರುತ್ತಿರುತ್ತದೆ.

ತಂಪು ಪ್ರದೇಶದವರಿಗೆ ಈ ಲೆಕ್ಕ ಸ್ವಲ್ಪ ಬೇರೆ. 9ರಿಂದ 11 ಡಿಗ್ರಿಗೆ ಏರಿದರೆ ಉಷ್ಣಾಂಶದ ಅಂಕ 1ರಿಂದ ಸುಮಾರು 1.3ಕ್ಕೆ ಜಿಗಿಯುತ್ತದೆ. ಅದೇ ಎರಡು ಡಿಗ್ರಿ ಬಿಸಿ ನಾಡಿನಲ್ಲಿ ಶೇ 10 ಹೆಚ್ಚಿಸಿದರೆ ಅಲ್ಲಿ ಶೇ 30ರಷ್ಟು. ಬಿಸಿಯಿಂದಲೇ ಆಗುವ ನಷ್ಟವನ್ನು ಅಲ್ಲಿ ಹಗುರವಾಗಿ ನೋಡಲಾಗದು. ಅಮೆರಿಕದ ಹಾರ್ವರ್ಡ್ ಫಾರೆಸ್ಟ್‌ನಲ್ಲಿ 1991ರಿಂದ ನೆಲದೊಳಗೆ ತಂತಿ ಹೂತು ಮಣ್ಣನ್ನು 5 ಡಿಗ್ರಿ ಬಿಸಿಯಾಗಿಟ್ಟರು. 26 ವರ್ಷಗಳಲ್ಲಿ ಮೇಲಿನ 60 ಸೆಂ.ಮೀ.ನ ಇಂಗಾಲದ ಶೇ 17ರಷ್ಟು ಹೋಯಿತು, ಅದೂ ಒಂದೇ ಸಮನಾಗಿ ಅಲ್ಲ, ಕೆಲವು ವರ್ಷ ಸುರಿದು ಕೆಲವು ವರ್ಷ ತಡೆದು. ಆದರೆ ಅದು ಕಾಡು. ಎಲೆ ಉದುರುತ್ತದೆ, ನೆಲ ಎಂದೂ ಬರಿದಾಗುವುದಿಲ್ಲ, ಯಾರೂ ಉಳುವುದಿಲ್ಲ. ಕಾಡಿನ ಅಂಕಿಯನ್ನು ತಂದು ಹೊಲಕ್ಕೆ ಹಚ್ಚುವ ಲೇಖನಗಳನ್ನು ನಾನು ಅನುಮಾನದಿಂದಲೇ ಓದುತ್ತೇನೆ.

ಹವಾಮಾನ ಆ ದಿನಗಳನ್ನು ಹೆಚ್ಚಿಸುವುದು ಹೇಗೆ

ಒಂದು ದಾರಿ ಈಗಾಗಲೇ ಹೇಳಿದ ಅಕಾಲ ಮಳೆ. ಎರಡನೆಯದು ಯಾರ ಕಣ್ಣಿಗೂ ಬೀಳದಂಥದ್ದು: ಬೆಳೆಯ ಅವಧಿ ಮೊಟಕಾಗುವುದು. ಬೆಳೆ ದಿನಗಳನ್ನು ಎಣಿಸುವುದಿಲ್ಲ, ಕೂಡಿಬಂದ ಶಾಖವನ್ನು ಎಣಿಸುತ್ತದೆ. ಬಿಸಿ ಹೆಚ್ಚಿದರೆ ಹೂವು ಬೇಗ, ಕಾಳು ಬೇಗ, ಕೊಯ್ಲು ಬೇಗ. ಹಸಿರಾಗಿ ನಿಂತ ದಿನ ಕಡಿಮೆಯಾದಷ್ಟೂ ಬೇರಿಗಿಳಿಯುವ ಇಂಗಾಲ ಕಡಿಮೆ, ಕೊಯ್ಲಿನಿಂದ ಮುಂದಿನ ಬಿತ್ತನೆಯವರೆಗಿನ ಬರಿ ದಿನ ಹೆಚ್ಚು. ಒಂದೇ ಕಾರಣಕ್ಕೆ ಎರಡು ಕಡೆ ಪೆಟ್ಟು. ಮಳೆ ಕೈಕೊಟ್ಟು ಬೆಳೆ ಅರ್ಧಕ್ಕೆ ಒಣಗಿದರೂ, ಬಿತ್ತನೆಯ ಹದ ತಪ್ಪಿ ಹೊಲ ಬೀಳು ಬಿದ್ದರೂ ಕಥೆ ಇದೇ.

ಮೂರನೆಯದು ಒಣ-ಹಸಿ ಏರಿಳಿತ. ಎಚ್. ಎಫ್. ಬರ್ಚ್ ಎಂಬ ವಿಜ್ಞಾನಿ 1958ರಲ್ಲಿ ಪೂರ್ವ ಆಫ್ರಿಕಾದ ಮಣ್ಣುಗಳ ಮೇಲೆ ಕೆಲಸ ಮಾಡಿ ಬರೆದದ್ದು: ಚೆನ್ನಾಗಿ ಒಣಗಿದ ಮಣ್ಣಿಗೆ ನೀರು ಬಿದ್ದ ಕೂಡಲೇ ಸೂಕ್ಷ್ಮಜೀವಿಗಳ ಉಸಿರಾಟ ಸಿಡಿದೇಳುತ್ತದೆ, ಕೆಲವು ದಿನಗಳಲ್ಲಿ ತಣ್ಣಗಾಗುತ್ತದೆ, ಮತ್ತೆ ಒಣಗಿಸಿ ನೆನೆಸಿದರೆ ಮತ್ತೆ ಸಿಡಿಯುತ್ತದೆ. ಒಂದು ಹೆಂಟೆಯನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. ಬಟಾಣಿ ಗಾತ್ರದ ಒಣ ಹೆಂಟೆಯನ್ನು ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಡಿ. ಇಂಗಾಲ ಕಡಿಮೆಯಿರುವ ಮಣ್ಣಾದರೆ ಒಳಗೆ ಸಿಕ್ಕಿಬಿದ್ದ ಗಾಳಿ ಗುಳ್ಳೆಗಳಾಗಿ ನುಗ್ಗಿ, ಹೆಂಟೆ ಒಂದೆರಡು ನಿಮಿಷದಲ್ಲೇ ಕುಸಿದು ತಳದಲ್ಲಿ ಹರಡುತ್ತದೆ. ಅಲ್ಲಿಯವರೆಗೆ ಹೆಂಟೆಯ ಒಳಗೆ ಜೀವಿಗಳ ಬಾಯಿಗೆ ಸಿಗದೆ ಕುಳಿತಿದ್ದ ಇಂಗಾಲ ಈಗ ಬಯಲಿಗೆ ಬಿತ್ತು. ಜೊತೆಗೆ, ಬರದಲ್ಲಿ ಉಳಿಯಲು ಮೈಯೊಳಗೆ ದ್ರಾವಣ ಗಟ್ಟಿ ಮಾಡಿಕೊಂಡಿದ್ದ ಸೂಕ್ಷ್ಮಜೀವಿಗಳು ನೀರು ನುಗ್ಗಿದಾಗ ಅದನ್ನು ಹೊರಹಾಕುತ್ತವೆ, ಇಲ್ಲವೇ ಒಡೆದು ಸಾಯುತ್ತವೆ. ಉಳಿದವು ಅದನ್ನೇ ಉಣ್ಣುತ್ತವೆ. ತಿಂಗಳುಗಟ್ಟಲೆ ಒಣಗು, ಒಂದೇ ದಿನ ಜಡಿಮಳೆ, ಮತ್ತೆ ಒಣಗು: ಹೊಸ ಹವಾಮಾನದ ವರಸೆ ಇದೇ ಆಗಿರುವುದರಿಂದ ಬರ್ಚ್ ಕಂಡದ್ದು ಮತ್ತೆ ಮತ್ತೆ ನಡೆಯುತ್ತದೆ.

ಆ ಜಡಿಮಳೆ ಕೊಚ್ಚಿಕೊಂಡು ಹೋಗುವ ಲೆಕ್ಕ ಬೇರೆ. ಹೆಕ್ಟೇರಿನ ಮೇಲೆ 1 ಮಿಲಿಮೀಟರ್ ಮಣ್ಣು ಹೋದರೆ ಅದು 13 ಟನ್. ಕಣ್ಣಿಗೆ ಕಾಣುವುದೇ ಇಲ್ಲ. ಶೇ 1 ಇಂಗಾಲವಿದ್ದರೆ 130 ಕಿಲೋ ಹೋಯಿತು. ವಾಸ್ತವದಲ್ಲಿ ಇನ್ನೂ ಹೆಚ್ಚು, ಏಕೆಂದರೆ ನೀರು ಆರಿಸಿ ಆರಿಸಿ ಹಗುರವಾದ ಚೂರು, ನುಣ್ಣನೆ ಜೇಡಿ ಇವನ್ನೇ ಒಯ್ಯುತ್ತದೆ, ಮರಳನ್ನು ಬಿಟ್ಟುಹೋಗುತ್ತದೆ. ಕೊಚ್ಚಿಹೋದ ಮಣ್ಣಿನಲ್ಲಿ ಇಂಗಾಲ ಮೂಲ ಮಣ್ಣಿನದಕ್ಕಿಂತ ಒಂದೂವರೆ ಪಟ್ಟು ದಟ್ಟವಾಗಿದ್ದರೂ 200 ಕಿಲೋ. ಅದರಲ್ಲೊಂದಿಷ್ಟು ಕೆಳಗಿನ ತಗ್ಗಿನಲ್ಲಿ ಹೂತು ಉಳಿಯಬಹುದು, ಭೂಮಿಯ ಒಟ್ಟು ಲೆಕ್ಕಕ್ಕೆ ಅದು ನಷ್ಟವಲ್ಲದೆಯೂ ಇರಬಹುದು. ನಿಮ್ಮ ಹೊಲಕ್ಕಂತೂ ನಷ್ಟವೇ.

ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಗಿಡ ಚೆನ್ನಾಗಿ ಬೆಳೆದು ಮಣ್ಣಿಗೂ ಹೆಚ್ಚು ಸೇರುತ್ತದಲ್ಲ ಎಂಬ ವಾದವಿದೆ. ಭತ್ತ, ಗೋಧಿ, ದ್ವಿದಳ ಧಾನ್ಯಗಳಲ್ಲಿ ಬೆಳವಣಿಗೆ ಹೆಚ್ಚುವುದು ನಿಜ. ಜೋಳ, ಮೆಕ್ಕೆಜೋಳ, ಕಬ್ಬಿಗೆ ಬರವಿಲ್ಲದಿದ್ದರೆ ಆ ಲಾಭ ಇಲ್ಲವೆನ್ನುವಷ್ಟು ಕಡಿಮೆ. ಆದರೆ 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ, ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ಕಂಡುಕೊಂಡದ್ದು ಉಲ್ಟಾ: ಗಿಡ ಜೋರಾಗಿ ಬೆಳೆದ ಕಡೆ ಮಣ್ಣಿನ ಇಂಗಾಲ ಇಳಿಯುವ ಒಲವು. ಹೆಚ್ಚು ಬೆಳೆಯುವ ಗಿಡಕ್ಕೆ ಹೆಚ್ಚು ಸಾರಜನಕ ಬೇಕು. ಬೇರು ಸಕ್ಕರೆ ಸುರಿದು ಸೂಕ್ಷ್ಮಜೀವಿಗಳನ್ನು ಎಬ್ಬಿಸಿ ಹಳೆಯ ಹ್ಯೂಮಸ್ ಒಡೆಸಿ ಅದನ್ನು ತೆಗೆದುಕೊಳ್ಳುತ್ತದೆ. ಆ ಭರವಸೆಯನ್ನು ನೆಚ್ಚಿ ಕೂರುವಂತಿಲ್ಲ.

ಆ ದಿನಗಳನ್ನು ಕಡಿಮೆ ಮಾಡುವುದು

ಬಿಸಿ ನಮ್ಮ ಕೈಯಲ್ಲಿಲ್ಲ, ಮಳೆಯೂ ಇಲ್ಲ. ಬಿಸಿ, ಹಸಿ, ಬರಿ ಈ ಮೂರರಲ್ಲಿ ನಮ್ಮ ಕೈಯಲ್ಲಿರುವುದು ‘ಬರಿ’ಯೊಂದೇ. ಹಾಗಾಗಿ ಮೊದಲ ಕೆಲಸ ಗೊಬ್ಬರ ಸುರಿಯುವುದಲ್ಲ, ಕ್ಯಾಲೆಂಡರ್ ತೆಗೆದು ಹೊಲ ಬರಿದಾಗಿ ಹದವಾಗಿದ್ದ ವಾರಗಳನ್ನು ಗುರುತು ಮಾಡುವುದು. ಕೊಯ್ಲಿನ ನಂತರ ಎಷ್ಟು, ಬಿತ್ತನೆಯ ನಂತರ ಬೆಳೆ ನೆಲ ಮುಚ್ಚುವವರೆಗೆ ಎಷ್ಟು, ಮಧ್ಯೆ ಮಳೆ ಬಿದ್ದದ್ದು ಯಾವಾಗ. ಬಹಳ ಹೊಲಗಳಲ್ಲಿ ಕೊಯ್ಲಾದ ಮರುವಾರವೇ ಉಳುಮೆ ನಡೆದಿರುತ್ತದೆ, ಮುಂದಿನ ಬಿತ್ತನೆಗೆ ಎರಡು ತಿಂಗಳಿದ್ದರೂ. ಆ ಉಳುಮೆ ಹೆಂಟೆ ಒಡೆದು, ಕೂಳೆ ಮುಚ್ಚಿ, ನೆಲವನ್ನು ಬರಿದು ಮಾಡುತ್ತದೆ. ಮುಂದೂಡಲು ಸಾಧ್ಯವಿರುವ ಉಳುಮೆಯನ್ನು ಮುಂದೂಡುವುದಕ್ಕಿಂತ ಅಗ್ಗದ ಕ್ರಮ ಇಲ್ಲ. ಕಳೆ ಅಥವಾ ಕೀಟದ ಕೋಶಗಳ ಕಾರಣಕ್ಕೆ ಉಳಲೇಬೇಕಾದ ಹೊಲಗಳಿವೆ, ಅಲ್ಲಿ ಇಂಗಾಲದ ಹೆಸರಲ್ಲಿ ಹಟ ಹಿಡಿಯುವುದು ಮೂರ್ಖತನ.

ಮಧ್ಯದ ಅವಧಿ 45 ದಿನಕ್ಕಿಂತ ಹೆಚ್ಚಿದ್ದು ಮಣ್ಣಿನಲ್ಲಿ ತೇವ ಉಳಿದಿದ್ದರೆ ಹೊದಿಕೆ ಬೆಳೆ ಹಾಕಬಹುದು. ಇಲ್ಲಿ ಕೈ ಸುಡುವುದು ನೀರಿನಿಂದ. ಹೊದಿಕೆ ಬೆಳೆ ಉಳಿದ ತೇವವನ್ನು ಹೀರಿ ಮುಖ್ಯ ಬೆಳೆಗೆ ಒಣ ನೆಲ ಬಿಟ್ಟರೆ, ಮುಖ್ಯ ಬೆಳೆಯ ಬೇರು ಕುಗ್ಗಿ ಇಂಗಾಲದ ಲೆಕ್ಕವೂ ಕೆಡುತ್ತದೆ. ಮಳೆ ನಂಬಿದ ಹೊಲದಲ್ಲಿ ಬಿತ್ತನೆಗೆ 2ರಿಂದ 3 ವಾರ ಮುಂಚೆಯೇ ಅದನ್ನು ಕೊಯ್ದು ಅಥವಾ ಮಗುಚಿ ನೆಲದ ಮೇಲೇ ಮಲಗಿಸಬೇಕು. ಮಳೆ ಕಡಿಮೆ ಎಂಬ ಮುನ್ಸೂಚನೆಯಿದ್ದರೆ ಇನ್ನೂ ಮುಂಚೆ. ಹೂ ಬಿಡುವ ಹೊತ್ತಿನಲ್ಲಿ ಕೊಯ್ದ ದ್ವಿದಳ ಬೆಳೆ ಬೇಗ ಕರಗುತ್ತದೆ, ನೆಲ ಹೆಚ್ಚು ದಿನ ಮುಚ್ಚಿರುವುದಿಲ್ಲ. ಹುಲ್ಲು ಜಾತಿಯದನ್ನು ಬೆರೆಸಿದರೆ ಹೊದಿಕೆ ಬಾಳುತ್ತದೆ.

ಹೊದಿಕೆ ಬೆಳೆಗೆ ನೀರಿಲ್ಲದ ಕಡೆ ಬೆಳೆಯುಳಿಕೆಯ ಹೊದಿಕೆ. ಇದು ನೀರು ಹೀರುವುದಿಲ್ಲ, ನೆಲ ತಂಪಾಗಿಡುತ್ತದೆ, ಹನಿಯ ಪೆಟ್ಟು ತಡೆಯುತ್ತದೆ. ಎಷ್ಟು ಮುಚ್ಚಿದೆ ಎಂದು ಕಣ್ಣಳತೆಯಲ್ಲಿ ಹೇಳಿದವರು ಬಹುತೇಕ ಹೆಚ್ಚೇ ಹೇಳುತ್ತಾರೆ, ಓರೆಯಾಗಿ ನೋಡಿದರೆ ಹುಲ್ಲು ದಟ್ಟವಾಗಿ ಕಾಣುತ್ತದೆ. 15 ಮೀಟರ್ ಹಗ್ಗಕ್ಕೆ 15 ಸೆಂ.ಮೀ.ಗೆ ಒಂದರಂತೆ 100 ಗಂಟು ಹಾಕಿ. ಸಾಲಿಗೆ ಓರೆಯಾಗಿ, 45 ಡಿಗ್ರಿಯಲ್ಲಿ ಎಳೆದು ಕಟ್ಟಿ. ಪ್ರತಿ ಗಂಟಿನ ಒಂದೇ ಬದಿಯಿಂದ ನೇರ ಕೆಳಗೆ ನೋಡಿ: ಗಂಟಿನ ಅಂಚಿನ ಕೆಳಗೆ ಸರಿಯಾಗಿ ಉಳಿಕೆಯಿದ್ದರೆ ಮಾತ್ರ ಎಣಿಸಿ. ಬೆಂಕಿಕಡ್ಡಿಗಿಂತ ಸಣ್ಣ ಚೂರು ಲೆಕ್ಕಕ್ಕಿಲ್ಲ, ಹನಿಯ ಪೆಟ್ಟನ್ನು ಅದು ತಡೆಯುವುದಿಲ್ಲ. ಹೊಲದ ಐದು ಕಡೆ ಹೀಗೆ ಎಣಿಸಿದ ಸರಾಸರಿಯೇ ಶೇಕಡಾವಾರು ಹೊದಿಕೆ. ಸಂರಕ್ಷಣಾ ಬೇಸಾಯ ಎನ್ನಿಸಿಕೊಳ್ಳಲು ಕನಿಷ್ಠ 30 ಬೇಕು ಎಂಬುದು ರೂಢಿ. ಜಡಿಮಳೆ ಹೆಚ್ಚಿರುವ ಇಳಿಜಾರಿಗೆ 30 ಸಾಲದು ಎಂದೇ ನನ್ನ ಅಭಿಪ್ರಾಯ.

ಇನ್ನು ಒಳಗೆ ಹಾಕುವುದರ ಲೆಕ್ಕ. 5 ಟನ್ ಒಣ ಹುಲ್ಲಿನಲ್ಲಿ ಸುಮಾರು 2.2 ಟನ್ ಇಂಗಾಲ ಇರುತ್ತದೆ; ಒಂದೆರಡು ವರ್ಷ ಕಳೆದ ಮೇಲೆ ಮಣ್ಣಿನಲ್ಲಿ ಉಳಿಯುವುದು ಅದರ ಶೇ 10ರಿಂದ 15, ಅಂದರೆ 220ರಿಂದ 330 ಕಿಲೋ. 10 ಟನ್ ಹಸಿ ಕೊಟ್ಟಿಗೆ ಗೊಬ್ಬರದಲ್ಲಿ ಒಣ ಪದಾರ್ಥ 4 ಟನ್, ಇಂಗಾಲ 1.1 ಟನ್ ಎಂದಿಟ್ಟುಕೊಂಡರೆ ಉಳಿಯುವುದು ಅದರ ಕಾಲುಭಾಗದಿಂದ ಮೂರನೇ ಒಂದು ಭಾಗ, 270ರಿಂದ 370 ಕಿಲೋ. ಆಗಲೇ ಅರ್ಧ ಕೊಳೆತು ಬಂದದ್ದರಿಂದ ಗೊಬ್ಬರದ ಪಾಲು ಹೆಚ್ಚು ಉಳಿಯುತ್ತದೆ. ಹೊಲಕ್ಕೆ ಬರುವ ಮುಂಚೆ ತಿಪ್ಪೆಯಲ್ಲೇ ಹೋದದ್ದು ಈ ಲೆಕ್ಕದಲ್ಲಿ ಕಾಣುವುದಿಲ್ಲ, ಅಷ್ಟೆ. ಬೇರಿನ ವಿಷಯದಲ್ಲಿ ಮಾತ್ರ ಹಿಂಜರಿಕೆ ಬೇಡ: ಸ್ವೀಡನ್ನಿನ ದೀರ್ಘಕಾಲದ ಪ್ರಯೋಗದಲ್ಲಿ ಬೇರಿನ ಇಂಗಾಲ ಮೇಲಿನ ಉಳಿಕೆಯ ಇಂಗಾಲಕ್ಕಿಂತ ಸುಮಾರು 2.3 ಪಟ್ಟು ಹೆಚ್ಚು ಹ್ಯೂಮಸ್ ಆಯಿತು. ಬೇರು ಜೇಡಿಯ ಮಗ್ಗುಲಲ್ಲೇ ಸಾಯುತ್ತದಲ್ಲ! ಆಳ ಬೇರಿನ ಬೆಳೆಯೊಂದನ್ನು ಸರದಿಯಲ್ಲಿ ಸೇರಿಸುವುದು ಹುಲ್ಲು ಹೊತ್ತು ತರುವುದಕ್ಕಿಂತ ಮೇಲು ಎನ್ನುವುದು ಇದಕ್ಕೆ.

ಬಹಳ ಜನ ಎಡವುವುದು ಇಲ್ಲಿ: ಇಂಗಾಲ ಒಂಟಿಯಾಗಿ ಹ್ಯೂಮಸ್ ಆಗುವುದಿಲ್ಲ. ಹ್ಯೂಮಸ್‌ನಲ್ಲಿ 1 ಟನ್ ಇಂಗಾಲಕ್ಕೆ ಸುಮಾರು 80 ಕಿಲೋ ಸಾರಜನಕ, 20 ಕಿಲೋ ರಂಜಕ, 14 ಕಿಲೋ ಗಂಧಕ ಜೊತೆಗೂಡಿರುತ್ತದೆ. ಹುಲ್ಲನ್ನಷ್ಟೇ ಮಗುಚಿದರೆ ಮೊದಲ ಕೆಲವು ವಾರ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಕಬಳಿಸುತ್ತವೆ, ಬೆಳೆ ಹಳದಿಯಾಗುತ್ತದೆ, ಹುಲ್ಲು ಮಗುಚಿದ್ದೇ ತಪ್ಪು ಎಂದು ಮುಂದಿನ ವರ್ಷ ಬೆಂಕಿ ಹಚ್ಚುತ್ತಾರೆ. ಹುಲ್ಲನ್ನು ಮಗುಚದೆ ಮೇಲೇ ಬಿಟ್ಟರೆ ಈ ತೊಂದರೆ ಕಡಿಮೆ, ಏಕೆಂದರೆ ಮಣ್ಣಿಗೆ ತಾಗುವ ಮೈ ಕಡಿಮೆ. ಹಾಗೆಂದು ಯೂರಿಯಾ ಸುರಿಯುವುದೂ ದಾರಿಯಲ್ಲ. ಹೆಚ್ಚುವರಿ 100 ಕಿಲೋ ಸಾರಜನಕದಲ್ಲಿ ಶೇ 1 ನೈಟ್ರಸ್ ಆಕ್ಸೈಡ್ ಆಗಿ ಹೋದರೆ ಅದು 1.57 ಕಿಲೋ ಅನಿಲ. ಅದರ ಬಿಸಿ ಮಾಡುವ ಶಕ್ತಿ ಇಂಗಾಲದ ಡೈಆಕ್ಸೈಡಿನ 273 ಪಟ್ಟು. ಗುಣಿಸಿದರೆ ಸುಮಾರು 430 ಕಿಲೋ ಇಂಗಾಲದ ಡೈಆಕ್ಸೈಡ್, ಅಂದರೆ 117 ಕಿಲೋ ಇಂಗಾಲ. ಒಂದು ಕೈಯಲ್ಲಿ ಕಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ಬಿಟ್ಟಂತಾಯಿತು. ಸರದಿಯಲ್ಲಿ ದ್ವಿದಳ ಸೇರಿಸಿ ಸಾರಜನಕದ ಒಂದು ಪಾಲನ್ನು ಅಲ್ಲಿಂದ ಪಡೆಯುವುದು ಸರಿ.

2015ರ ಡಿಸೆಂಬರ್‌ನಲ್ಲಿ ಪ್ಯಾರಿಸ್ ಹವಾಮಾನ ಸಮ್ಮೇಳನದ ಹೊತ್ತಿಗೆ ಶುರುವಾದ ‘ಸಾವಿರಕ್ಕೆ ನಾಲ್ಕು’ ಎಂಬ ಅಭಿಯಾನದ ಗುರಿ ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಶೇ 0.4 ಹೆಚ್ಚಿಸುವುದು. ನಮ್ಮ 24.3 ಟನ್ನಿಗೆ ಅದು 97 ಕಿಲೋ. ಅಕಾಲದ ಒಂದು ಹಸಿ ತಿಂಗಳು ನೆಲ ಮುಚ್ಚಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ಮತ್ತೆ ನೋಡಿ: 133ರಲ್ಲಿ 53. ಬೇರು ನೀರನ್ನೂ ಎಳೆದು ತೇವದ ಅಂಕ ಇಳಿಸಿದರೆ ಇನ್ನೂ ಹೆಚ್ಚು. ಗುರಿಯ ಅರ್ಧಕ್ಕಿಂತ ಹೆಚ್ಚು ಗೊಬ್ಬರವಿಲ್ಲದೆ ಬಂತು.

ಅಳತೆ ಮಾಡುವ ಮೋಸ

ವರ್ಷಕ್ಕೆ 100 ಕಿಲೋ ಹೆಚ್ಚಿದರೂ 24 ಟನ್ನಿನಲ್ಲಿ ಅದು ಪ್ರಯೋಗಾಲಯದ ತಪ್ಪಿಗಿಂತ ಕಡಿಮೆ. ಪ್ರತಿ ವರ್ಷ ಪರೀಕ್ಷೆ ಮಾಡಿಸಿ ಏರಿತು ಇಳಿಯಿತು ಎನ್ನುವುದು ವ್ಯರ್ಥ. ಐದು ವರ್ಷಕ್ಕೊಮ್ಮೆ, ಅದೇ ತಿಂಗಳಲ್ಲಿ, ಅದೇ ಬೆಳೆಯ ನಂತರ ತೆಗೆಯಿರಿ. ಒಂದೇ ಬಗೆಯ ಮಣ್ಣಿರುವ ತುಂಡಿನಲ್ಲಿ 15ರಿಂದ 20 ಕಡೆ, ಅಂಕುಡೊಂಕಾಗಿ ನಡೆಯುತ್ತ, 0–15 ಮತ್ತು 15–30 ಸೆಂ.ಮೀ. ಬೇರೆ ಬೇರೆಯಾಗಿ. ಮೇಲಿನ ಹುಲ್ಲನ್ನು ಕೈಯಿಂದ ಸರಿಸಿ, ಮಣ್ಣನ್ನು ಕೆರೆಯಬೇಡಿ. ತಿಪ್ಪೆ ಇದ್ದ ಜಾಗ, ಬದು, ಮರದ ನೆರಳು ಬೇಡ.

ಸಾಮಾನ್ಯ ಪ್ರಯೋಗಾಲಯಗಳಲ್ಲಿ ನಡೆಯುವುದು 1934ರ ವಾಕ್ಲಿ-ಬ್ಲ್ಯಾಕ್ ವಿಧಾನ: 1 ಗ್ರಾಂ ಮಣ್ಣು, 10 ಮಿ.ಲೀ. ಪೊಟ್ಯಾಸಿಯಂ ಡೈಕ್ರೋಮೇಟ್, 20 ಮಿ.ಲೀ. ಗಾಢ ಗಂಧಕಾಮ್ಲ, ಅರ್ಧ ಗಂಟೆ ಬಿಟ್ಟು, ಇಂಗಾಲ ಸುಡಲು ಎಷ್ಟು ಡೈಕ್ರೋಮೇಟ್ ಖರ್ಚಾಯಿತು ಎಂಬ ಅಳತೆ. ಆಮ್ಲದ ಸ್ವಂತ ಶಾಖಕ್ಕೆ ಇಂಗಾಲವೆಲ್ಲ ಸುಡುವುದಿಲ್ಲ, ಸರಾಸರಿ ಶೇ 77 ಅಷ್ಟೆ. ಅದಕ್ಕೆ ಕೊನೆಗೆ 1.3ರಿಂದ ಗುಣಿಸುತ್ತಾರೆ, ಎಲ್ಲರೂ ಅಲ್ಲ. ಗುಣಿಸದ ವರದಿ ಮೊದಲ ವರ್ಷ, ಗುಣಿಸಿದ ವರದಿ ಐದನೇ ವರ್ಷ ಬಂದರೆ ಏನೂ ಮಾಡದೆ ಇಂಗಾಲ ಶೇ 30 ಏರಿರುತ್ತದೆ. ಇನ್ನೊಂದು ಗೊಂದಲ ಸಾವಯವ ಇಂಗಾಲ ಮತ್ತು ಸಾವಯವ ಪದಾರ್ಥದ್ದು: ಎರಡನೆಯದು ಮೊದಲನೆಯದರ 1.724 ಪಟ್ಟು. ಉಪ್ಪಿನ ನೆಲದಲ್ಲಿ ಕ್ಲೋರೈಡ್ ಕೂಡ ಡೈಕ್ರೋಮೇಟ್ ತಿಂದು ಇಂಗಾಲ ಹೆಚ್ಚೆಂದು ತೋರಿಸುತ್ತದೆ; ಅಲ್ಲಿ ಬೆಳ್ಳಿಯ ಸಲ್ಫೇಟ್ ಸೇರಿಸಿದ್ದಾರೆಯೇ ಕೇಳಬೇಕು. ಯಂತ್ರದಲ್ಲಿ ಪೂರ್ತಿ ಸುಡುವ ವಿಧಾನ ಹೆಚ್ಚು ನಿಖರ, ಆದರೆ ಮಣ್ಣಿನಲ್ಲಿ ಸುಣ್ಣದ ಕಲ್ಲಿನ ಪುಡಿಯಿದ್ದರೆ ಅದರ ಇಂಗಾಲವನ್ನೂ ಸೇರಿಸಿಬಿಡುತ್ತದೆ. ಒಂದು ಹನಿ ದುರ್ಬಲ ಆಮ್ಲಕ್ಕೆ ಮಣ್ಣು ಬುರುಬುರು ನೊರೆ ಬಂದರೆ ಮೊದಲೇ ತಿಳಿಸಿ.

ಈಗ ಆರಂಭದ ಸೂತ್ರದ ಮೋಸ. ಉಳುಮೆ ನಿಲ್ಲಿಸಿದ ಹೊಲದ ಸಾಂದ್ರತೆ 1.20ರಿಂದ 1.32ಕ್ಕೆ ಏರಿದೆ, ಇಂಗಾಲ ಶೇ 0.70ರಲ್ಲೇ ನಿಂತಿದೆ ಎನ್ನಿ. ಮೊದಲು 0.70 × 1.20 × 30 = 25.2 ಟನ್. ಈಗ 0.70 × 1.32 × 30 = 27.7 ಟನ್. ಎರಡೂವರೆ ಟನ್ ಲಾಭ? ಏನೂ ಇಲ್ಲ, ಮಣ್ಣು ಅಮುಕಿಕೊಂಡು ಅದೇ 30 ಸೆಂ.ಮೀ.ಯೊಳಗೆ ಕೆಳಗಿನ ಮಣ್ಣೂ ಬಂದಿದೆ. ಹೋಲಿಸಬೇಕಾದ್ದು ಒಂದೇ ಆಳವನ್ನಲ್ಲ, ಒಂದೇ ತೂಕದ ಮಣ್ಣನ್ನು: ಮೊದಲ ಸಲ 3,600 ಟನ್ ಮಣ್ಣು ಅಳೆದಿದ್ದರೆ ಎರಡನೇ ಸಲವೂ 3,600 ಟನ್, ಅದು ಈಗ 27.3 ಸೆಂ.ಮೀ.ಯಲ್ಲೇ ಮುಗಿಯುತ್ತದೆ. ಇದಕ್ಕೆ ಸಾಂದ್ರತೆ ಅಳೆಯಲೇಬೇಕು. 5 ಸೆಂ.ಮೀ. ವ್ಯಾಸ, 5 ಸೆಂ.ಮೀ. ಎತ್ತರದ ಉಕ್ಕಿನ ಬಳೆಯ ಒಳಗಾತ್ರ 98 ಘನ ಸೆಂ.ಮೀ. ನೆಲ ಹದವಿದ್ದಾಗ, ಮೇಲೊಂದು ಮರದ ತುಂಡಿಟ್ಟು ನೇರವಾಗಿ ಬಡಿದು ಇಳಿಸಿ, ಸುತ್ತ ಬಿಡಿಸಿ ತೆಗೆದು ಎರಡೂ ಬದಿ ಚಾಕುವಿನಿಂದ ಸಮ ಮಾಡಿ, 105 ಡಿಗ್ರಿಯಲ್ಲಿ 24 ಗಂಟೆ ಒಣಗಿಸಿ ತೂಗಿ. 128 ಗ್ರಾಂ ಬಂದರೆ 1.31. ಒಣ ನೆಲದಲ್ಲಿ ಬಡಿದರೆ ಮಣ್ಣು ಚೂರಾಗಿ ಕಡಿಮೆ ಬರುತ್ತದೆ, ತೀರಾ ಹಸಿಯಲ್ಲಿ ಅಮುಕಿ ಹೆಚ್ಚು ಬರುತ್ತದೆ. ಕಲ್ಲಿರುವ ನೆಲದಲ್ಲಿ 2 ಮಿ.ಮೀ.ಗಿಂತ ದೊಡ್ಡದನ್ನು ಜರಡಿ ಹಿಡಿದು ತೂಕ, ಗಾತ್ರ ಎರಡನ್ನೂ ಕಳೆಯಿರಿ.

ರಾಥಮ್‌ಸ್ಟೆಡ್‌ನವರು ಹತ್ತೊಂಬತ್ತನೇ ಶತಮಾನದ ಮಣ್ಣನ್ನು ಇಂದಿಗೂ ಸೀಸೆಗಳಲ್ಲಿ ಇಟ್ಟುಕೊಂಡಿದ್ದಾರೆ. ಅಲ್ಲಿ 1852ರಿಂದ 1871ರವರೆಗೆ ಮಾತ್ರ ಗೊಬ್ಬರ ಕಂಡ ಒಂದು ತುಂಡು ನೆಲದಲ್ಲಿ, ಗೊಬ್ಬರವನ್ನೇ ಕಾಣದ ಪಕ್ಕದ ತುಂಡಿಗಿಂತ ಹೆಚ್ಚು ಇಂಗಾಲ ನೂರು ವರ್ಷ ಕಳೆದ ಮೇಲೂ ಇತ್ತು. ಈ ಸೀಸೆಯ ಉಪಾಯ ಯಾರಿಗಾದರೂ ಬಳಸಲು ಬರುತ್ತದೆ. ಮೊದಲ ಸಲ ತೆಗೆದ ಮಣ್ಣನ್ನು ನೆರಳಲ್ಲಿ ಒಣಗಿಸಿ, 2 ಮಿ.ಮೀ. ಜರಡಿ ಹಿಡಿದು, ಅರ್ಧ ಕಿಲೋದಷ್ಟನ್ನು ಗಾಜಿನ ಭರಣಿಯಲ್ಲಿ ಗಟ್ಟಿಯಾಗಿ ಮುಚ್ಚಿಡಿ. ಐದು ವರ್ಷದ ನಂತರ ಹೊಸ ಮಣ್ಣಿನ ಜೊತೆ ಹಳೆಯ ಭರಣಿಯದನ್ನೂ ಅದೇ ಪ್ರಯೋಗಾಲಯಕ್ಕೆ, ಅದೇ ದಿನ, ಬೇರೆ ಬೇರೆ ಸಂಖ್ಯೆ ಕೊಟ್ಟು ಕಳಿಸಿ. ವಿಧಾನ ಬದಲಾಗಿದ್ದರೂ ಎರಡಕ್ಕೂ ಒಂದೇ ರೀತಿ ಬದಲಾಗಿರುತ್ತದೆ. ಭರಣಿಯ ಮೇಲಿನ ಬರಹ ಅಷ್ಟು ವರ್ಷ ಉಳಿಯುವುದಿಲ್ಲ. ಹೊಲದ ತುಂಡು, ಆಳ, ತಾರೀಖು, ಆ ದಿನದ ಸಾಂದ್ರತೆ ಇಷ್ಟನ್ನು ಪೆನ್ಸಿಲ್‌ನಲ್ಲಿ ಒಂದು ಚೀಟಿಯ ಮೇಲೆ ಬರೆದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಣ್ಣಿನ ಜೊತೆ ಒಳಗೇ ಹಾಕಿಡಿ.